ಅಂಕಿತವಿಲ್ಲದ ಹಾಡುಗಳು

ನಾಲ್ಕು ವರ್ಷ ನಾನು ಆ ಹಾಡನ್ನು ಬೇರೆ ಯಾರದ್ದೋ ಹಾಡು ಅಂದುಕೊಂಡೇ ಕೇಳಿದೆ.

2009ರ ಮಾತು. ಬೆಂಗಳೂರಿನ ವಿಜಯನಗರದಲ್ಲಿ ಮಹಡಿ ಮೇಲಿನ ಒಂದು ಸಣ್ಣ ರೂಮಿನಲ್ಲಿದ್ದೆ. ಆಫೀಸಿನ ಗೆಳೆಯನೊಬ್ಬ ಪೆನ್‌ಡ್ರೈವ್ ತುಂಬ ಹಾಡು ಹಾಕಿಕೊಟ್ಟಿದ್ದ. ಆಗೆಲ್ಲ ಹೊಸ ಹಾಡು ಕೈಗೆ ಬರುತ್ತಿದ್ದದ್ದೇ ಹಾಗೆ. ಅದರಲ್ಲಿ ನಿಕ್ ಡ್ರೇಕ್ ಹೆಸರಿನ ಒಂದು ಫೋಲ್ಡರ್ ಇತ್ತು. ಇಂಗ್ಲೆಂಡಿನ ಹಳ್ಳಿಯೊಂದರ ತನ್ನ ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಆ ಹುಡುಗ ಹಾಡಿದ್ದ ಹಾಡುಗಳು. ದನಿ ಸ್ವಲ್ಪ ಮಂಕು, ಹಿಂದೆ ಟೇಪಿನ ಸುಯ್ ಅನ್ನುವ ಸದ್ದು. ಅದರಲ್ಲೊಂದು ಹಾಡು ನನ್ನನ್ನು ಹಿಡಿದುಕೊಂಡಿತು. ಹಡಗು ಹತ್ತಿ ಇಂಗ್ಲೆಂಡಿಗೆ ಹೋಗು, ಸ್ಪೇನಿಗೆ ಹೋಗು, ಎಲ್ಲಿ ಹೋದರೂ ಅಲ್ಲಿ ಆಟ ನಡೆಸುವುದು ಬೇಸರವೇ ಎನ್ನುವ ಹಾಡು. 'ಬ್ಲೂಸ್ ರನ್ ದ ಗೇಮ್'.

ನಾನಾಗ ಊರು ಬಿಟ್ಟು ಬಂದು ಎರಡು ವರ್ಷವಾಗಿತ್ತು. ರಾತ್ರಿ ಕರೆಂಟು ಹೋದರೆ ಕಿಟಕಿ ತೆರೆದು, ಇಯರ್‌ಫೋನ್ ಹಾಕಿಕೊಂಡು ಅದನ್ನೇ ಕೇಳುತ್ತಿದ್ದೆ. ಹಾಡು ಬರೆದವನು ನನ್ನ ಪಕ್ಕದ ರೂಮಿನಲ್ಲೇ ಇದ್ದಾನೆ ಅನ್ನಿಸುತ್ತಿತ್ತು. ಆದರೆ ಒಂದು ಪ್ರಶ್ನೆ ಒಮ್ಮೆಯೂ ಹೊಳೆಯಲಿಲ್ಲ. ಇಂಗ್ಲೆಂಡಿನಲ್ಲೇ ಬೆಳೆದ ಹುಡುಗ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುವ ಮಾತು ಯಾಕೆ ಆಡುತ್ತಾನೆ?

2013ರಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ಅದೇ ಆಲ್ಬಮ್ಮಿನ ಸಿಡಿ ಸಿಕ್ಕಿತು. ಒಳಗಿನ ಪುಟ್ಟ ಪುಸ್ತಕ ತಿರುವಿದೆ. ಹಾಡಿನ ಹೆಸರಿನ ಮುಂದೆ ಬರೆದವರ ಹೆಸರು ಸಣ್ಣ ಅಕ್ಷರದಲ್ಲಿ ಇತ್ತು. ಜಾಕ್ಸನ್ ಸಿ. ಫ್ರ್ಯಾಂಕ್. ಅದೊಂದೇ ಅಲ್ಲ, ನನಗೆ ತುಂಬ ಇಷ್ಟವಾಗಿದ್ದ 'ಮಿಲ್ಕ್ ಆ್ಯಂಡ್ ಹನಿ'ಯೂ ಅವನದ್ದೇ. ಅವತ್ತು ಮನೆಗೆ ಬಂದವನೇ ಪೆನ್‌ಡ್ರೈವ್ ಹಾಕಿ ಆ ಫೈಲುಗಳ ಹೆಸರು ಬದಲಿಸಿದೆ. ಡ್ರೇಕ್ ಹೆಸರಿನ ಪಕ್ಕ ಇನ್ನೊಂದು ಹೆಸರು ಸೇರಿಸಿದೆ. ಆಮೇಲೆ ಆ ಹೆಸರಿನವನನ್ನು ಹುಡುಕುತ್ತಾ ಹೋದೆ. ಇನ್ನೂ ಹುಡುಕುತ್ತಲೇ ಇದ್ದೇನೆ ಅನ್ನಬಹುದು.

ನಮ್ಮಜ್ಜಿ ಮಧ್ಯಾಹ್ನ ಊಟವಾದ ಮೇಲೆ ಜಗುಲಿಯಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದರು. ಬೆರಳಿಗೆ ಹಾಲಿನ ಹನಿ ಸವರಿಕೊಂಡು ಹತ್ತಿ ಹೊಸೆಯುತ್ತಾ ದಾಸರ ಪದ ಹೇಳುತ್ತಿದ್ದರು. ವಯಸ್ಸಾದ ಹಾಗೆ ಚರಣಗಳು ಮರೆಯುತ್ತಿದ್ದವು. ಎರಡನೇ ಚರಣ ಬಿಟ್ಟು ಮೂರನೆಯದಕ್ಕೆ ಹಾರುವುದು, ಒಂದು ಪದದ ಸಾಲನ್ನು ಇನ್ನೊಂದಕ್ಕೆ ಸೇರಿಸುವುದು ಎಲ್ಲ ನಡೆಯುತ್ತಿತ್ತು. ಆದರೆ ಕೊನೆಯ ಸಾಲು ಮಾತ್ರ ಯಾವತ್ತೂ ಬಿಟ್ಟವರಲ್ಲ. ಪುರಂದರ ವಿಠಲ ಅಂತ ಬಂದರೇನೇ ಪದ ಮುಗಿದ ಲೆಕ್ಕ. ಒಂದು ದಿನ ನಾನು ನಡುವೆ ಎದ್ದು ಹೊರಟಾಗ, "ತಡೆ ಪುಟ್ಟಾ, ಅಂಕಿತ ಬರಲಿ. ಅಂಕಿತ ಕೇಳದೆ ಏಳಬಾರದು" ಅಂದಿದ್ದರು.

ಆಗ ಅದೊಂದು ಮಡಿಮೈಲಿಗೆಯ ಹಾಗಿನ ನಿಯಮ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಎಂಥ ಜಾಣತನ ಅನ್ನಿಸುತ್ತದೆ. ಪುಸ್ತಕವಿಲ್ಲ, ರೆಕಾರ್ಡಿಲ್ಲ. ಬಾಯಿಂದ ಬಾಯಿಗೆ ಹಾಡು ಹೋಗಬೇಕು. ಹಾಗೆ ಹೋಗುವಾಗ ಮಾಡಿದವನ ಗುರುತು ಹಾಡಿನ ಒಳಗೇ ಕೂತು ಪಯಣ ಮಾಡುತ್ತದೆ. ಯಾರು ಹಾಡಿದರೂ, ಎಷ್ಟು ಕೆಡಿಸಿ ಹಾಡಿದರೂ ಗುರುತು ಉಳಿಯುತ್ತದೆ. ಕಾಗಿನೆಲೆಯಾದಿಕೇಶವ ಅಂದರೆ ಕನಕದಾಸರು. ಕೂಡಲಸಂಗಮದೇವ ಅಂದರೆ ಬಸವಣ್ಣ. ಇನ್ನೊಬ್ಬರನ್ನು ಕೇಳುವ ಅಗತ್ಯವೇ ಇಲ್ಲ. ರೇಡಿಯೊದಲ್ಲಿ ಭಾವಗೀತೆ ಹಾಕುವ ಮುನ್ನ ಸಾಹಿತ್ಯ ಇವರದು, ಸಂಗೀತ ಇವರದು, ಗಾಯನ ಇವರದು ಅಂತ ಹೇಳುತ್ತಾರಲ್ಲ, ಅದೂ ಒಂದು ಬಗೆಯ ಅಂಕಿತವೇ.

ಜಾಕ್ಸನ್ ಫ್ರ್ಯಾಂಕ್ ತಾನೇ ಬರೆದ, ತಾನೇ ರಾಗ ಕಟ್ಟಿದ, ತಾನೇ ಹಾಡಿದ. ಮೂರು ಕಡೆಯೂ ಅವನದೇ ಹೆಸರು ಬರಬೇಕಾಗಿತ್ತು. ಅವನ ಹಾಡುಗಳು ಒಳ್ಳೊಳ್ಳೆಯವರ ಬಾಯಿಗೆ ಬಂದವು, ದೂರ ದೂರಕ್ಕೆ ಹೋದವು. ಹೋಗುವಾಗ ಹೆಸರು ದಾರಿಯಲ್ಲಿ ಬಿದ್ದುಹೋಯಿತು.

ಅವನು ಬದುಕಿದ್ದಾಗ ಹೊರಬಂದ ಆಲ್ಬಮ್ ಒಂದೇ ಒಂದು. ಅದಕ್ಕೆ ಬೇರೆ ಹೆಸರೂ ಇಲ್ಲ, 'ಜಾಕ್ಸನ್ ಸಿ. ಫ್ರ್ಯಾಂಕ್' ಅಂತಲೇ. 1965ರಲ್ಲಿ ಲಂಡನ್ನಿನ ನ್ಯೂ ಬಾಂಡ್ ಸ್ಟ್ರೀಟಿನ ಸ್ಟುಡಿಯೊದಲ್ಲಿ ರೆಕಾರ್ಡ್ ಆಯಿತು. ಮಾಡಿಸಿದವನು ಪಾಲ್ ಸೈಮನ್. ಹೌದು, ಸೈಮನ್ ಮತ್ತು ಗಾರ್ಫಂಕಲ್ ಎಂಬ ಅಮೆರಿಕದ ಹೆಸರಾಂತ ಹಾಡುಗಾರ ಜೋಡಿಯ ಸೈಮನ್ನೇ. ಆಗ ಅವನಿಗಿನ್ನೂ 23 ವರ್ಷ. ಅಮೆರಿಕದಲ್ಲಿ ಇಬ್ಬರ ಮೊದಲ ಆಲ್ಬಮ್ ಓಡದೆ ಅವನು ಲಂಡನ್ನಿಗೆ ಬಂದು, ಕ್ಲಬ್ಬುಗಳಲ್ಲಿ ಒಬ್ಬನೇ ಗಿಟಾರ್ ಹಿಡಿದು ಹಾಡುತ್ತಿದ್ದ. ಲಂಡನ್ನಿನ ಪೂರ್ವ ಭಾಗದಲ್ಲಿ, ಕೇಬಲ್ ಸ್ಟ್ರೀಟ್ ಹತ್ತಿರ, ಜೂಡಿತ್ ಪೀಪೆ ಎಂಬ ಸಮಾಜ ಸೇವಕಿಯ ಫ್ಲ್ಯಾಟ್ ಇತ್ತು. ಮಲಗಲು ಜಾಗವಿಲ್ಲದ ಹಾಡುಗಾರರಿಗೆಲ್ಲ ಆಕೆಯ ಬಾಗಿಲು ತೆರೆದಿತ್ತು. ಸೈಮನ್ ಅಲ್ಲಿದ್ದ, ಗಾರ್ಫಂಕಲ್ ಬಂದು ಹೋಗುತ್ತಿದ್ದ, ಆಲ್ ಸ್ಟೂವರ್ಟ್ ಇದ್ದ. ಫ್ರ್ಯಾಂಕ್ ಕೂಡ ಅಲ್ಲಿಗೇ ಬಂದು ಸೇರಿದ. ಅವನ ಹಾಡು ಕೇಳಿದ ಸೈಮನ್, ಇದನ್ನು ನಾನು ರೆಕಾರ್ಡ್ ಮಾಡಿಸುತ್ತೇನೆ ಅಂತ ಮುಂದೆ ಬಂದ.

ಹತ್ತು ಹಾಡು. ಮೂರು ಗಂಟೆಯೂ ಹಿಡಿಯಲಿಲ್ಲ. ನಮ್ಮೂರಿನಿಂದ ಶಿವಮೊಗ್ಗಕ್ಕೆ ಹೋಗಿ ಒಂದು ಕೆಲಸ ಮುಗಿಸಿಕೊಂಡು ಬರುವಷ್ಟೂ ಹೊತ್ತಲ್ಲ. ಅಷ್ಟರಲ್ಲಿ ಅವನ ಇಡೀ ಆಲ್ಬಮ್ ಆಗಿಹೋಯಿತು.

ಆ ಮೂರು ಗಂಟೆಯ ಒಂದು ಸಂಗತಿ ಮಾತ್ರ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಫ್ರ್ಯಾಂಕ್ ಅಡ್ಡತಟ್ಟಿಯ ಹಿಂದೆ ಕೂತು ಹಾಡಿದ. ಅಂಜಿಕೆಯಾಗಿತ್ತು, ಹಾಡುವಾಗ ಯಾರೂ ನನ್ನನ್ನು ನೋಡುವುದು ಬೇಡವಾಗಿತ್ತು ಅಂತ ಅವನೇ ಮುಂದೆ ಹೇಳಿಕೊಂಡಿದ್ದಾನೆ. ಸ್ಟುಡಿಯೊದಲ್ಲಿ ಇದ್ದವರೆಲ್ಲ ಗೆಳೆಯರೇ. ಒಂದೇ ಸೂರಿನಡಿ ಮಲಗೇಳುವವರು. ಅವರ ಕಣ್ಣೂ ಬೇಡವಾಗಿತ್ತು.

ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ನಮ್ಮ ಹತ್ತು ಮಂದಿಯನ್ನು ಸಮೂಹಗಾನಕ್ಕೆ ರೇಡಿಯೊ ಸ್ಟುಡಿಯೊಗೆ ಕರೆದುಕೊಂಡು ಹೋಗಿದ್ದರು. ಬಾಗಿಲು ಮುಚ್ಚಿದ ಕೂಡಲೇ ಕಿವಿಯೊಳಗೆ ಹತ್ತಿ ತುರುಕಿದಂತೆ ಆಯಿತು. ಗೋಡೆಯ ತುಂಬ ಸಣ್ಣ ಸಣ್ಣ ತೂತು. ಗಾಜಿನ ಆಚೆಯಿಂದ ಒಬ್ಬರು ಕೈ ಎತ್ತಿದರು, ಕೆಂಪು ದೀಪ ಹತ್ತಿತು. ನಾನು ಮೆಲ್ಲಗೆ ಹಿಂದೆ ಸರಿದು ಎತ್ತರದ ಹುಡುಗಿಯೊಬ್ಬಳ ಬೆನ್ನ ಹಿಂದೆ ನಿಂತೆ. ಅಲ್ಲಿ ನಿಂತ ಮೇಲೆಯೇ ನನ್ನ ಗಂಟಲು ಬಿಟ್ಟಿದ್ದು. ಯಾರ ಕಣ್ಣೂ ಬೀಳದ ಒಂದು ಗೇಣು ಜಾಗ ಎಷ್ಟು ದೊಡ್ಡದು ಅಂತ ನನಗೆ ಗೊತ್ತಿದೆ.

ಯಕ್ಷಗಾನದಲ್ಲಿ ದೊಡ್ಡ ವೇಷ ತೆರೆಯ ಹಿಂದೆ ಇದ್ದುಕೊಂಡೇ ಕುಣಿಯುತ್ತದೆ. ಮೊದಲು ಕಿರೀಟದ ತುದಿ, ಆಮೇಲೆ ಕಣ್ಣು. ಕೊನೆಗೆ ತೆರೆ ಜಾರುತ್ತದೆ, ವೇಷ ಸಭೆಗೆ ಬರುತ್ತದೆ. ಫ್ರ್ಯಾಂಕ್ ವಿಷಯದಲ್ಲಿ ಆ ತೆರೆ ಜಾರಲೇ ಇಲ್ಲ.

ಆದರೆ ತಟ್ಟಿಯ ಹಿಂದಿನಿಂದ ಬಂದ ದನಿ ಕೇಳಿ. ನಡುಕವೇ ಇಲ್ಲ. ಗಟ್ಟಿ ದನಿ, ವಯಸ್ಸಿಗೆ ಮೀರಿ ತೂಕದ್ದು. 22 ವರ್ಷದ ಹುಡುಗ ಅಂದರೆ ನಂಬುವುದು ಕಷ್ಟ. ಗಿಟಾರ್ ಮತ್ತು ದನಿ, ಅಷ್ಟೇ. 'ಯೆಲ್ಲೊ ವಾಲ್ಸ್' ಎಂಬ ಹಾಡಿನಲ್ಲಿ ಆಲ್ ಸ್ಟೂವರ್ಟ್ ಇನ್ನೊಂದು ಗಿಟಾರ್ ನುಡಿಸಿದ್ದು ಬಿಟ್ಟರೆ ಬೇರೆ ಯಾರ ಕೈಯೂ ಇಲ್ಲ.

'ಬ್ಲೂಸ್ ರನ್ ದ ಗೇಮ್' ನುಡಿಸುವುದನ್ನು ಕಲಿಯಲು ನಾನು ಒಂದು ಮಳೆಗಾಲ ಪೂರ್ತಿ ಕಳೆದೆ. ಹೆಸರಲ್ಲಿ ಬ್ಲೂಸ್ ಇದ್ದರೂ ಅದು ಅಮೆರಿಕದ ಕಪ್ಪು ಜನರ ಬ್ಲೂಸ್ ಧಾಟಿಯ ಹಾಡಲ್ಲ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದೇ ಸಮನೆ ನಡೆಯುತ್ತಿರಬೇಕು. ಬೇರೆ ಬೆರಳುಗಳು ಸಣ್ಣ ತಂತಿಗಳಲ್ಲಿ ರಾಗ ಕೀಳುತ್ತವೆ. ರಾಗದ ಬೆರಳು ತಡೆದು ನಿಂತರೂ ಹೆಬ್ಬೆರಳು ನಿಲ್ಲುವಂತಿಲ್ಲ. ನನಗೆ ಮೊದಲು ಬರುತ್ತಿರಲೇ ಇಲ್ಲ. ಹಾಡಲು ಬಾಯಿ ತೆರೆದರೆ ಹೆಬ್ಬೆರಳು ನಿಂತುಬಿಡುತ್ತಿತ್ತು. ಒಂದು ಸಂಜೆ ತನ್ನಷ್ಟಕ್ಕೆ ತಾನೇ ಬಂತು. ಆಗ ಅರ್ಥವಾಯಿತು, ಹಾಡಿನಲ್ಲಿ ಹೇಳುವ ಸುಸ್ತೆಲ್ಲ ದನಿಯಲ್ಲಿದೆ, ಕೈಯಲ್ಲಿ ಅಲ್ಲ. ಬೆನ್ನ ಮೇಲೆ ಮೂಟೆ ಹೊತ್ತವನ ಕಾಲು ಹೇಗೆ ಲಯ ತಪ್ಪದೆ ನಡೆಯುತ್ತದೋ ಹಾಗೆ. ದುಃಖದ ಹಾಡು ನಿಧಾನಕ್ಕೇ ಇರಬೇಕು ಅಂದುಕೊಂಡಿದ್ದ ನನಗೆ ಅದು ದೊಡ್ಡ ಪಾಠ.

ಇಷ್ಟು ಹೊತ್ತು ನಾನು ಬೇಕಂತಲೇ ಒಂದು ವಿಷಯ ಹೇಳಿಲ್ಲ. ಫ್ರ್ಯಾಂಕ್ ಬಗ್ಗೆ ಯಾರೇ ಬರೆಯಲಿ, ಮೊದಲ ಸಾಲಿಗೇ ಬೆಂಕಿ ಬರುತ್ತದೆ. ಹಾಗೆ ಶುರು ಮಾಡಿದರೆ ಹಾಡು ಕೇಳುವ ಮುಂಚೆಯೇ ಕೇಳುಗನ ಮನಸ್ಸಿನಲ್ಲಿ ಅಯ್ಯೋ ಪಾಪ ಬಂದು ಕೂತುಬಿಡುತ್ತದೆ. ಆಮೇಲೆ ಹೆಬ್ಬೆರಳು ಯಾರಿಗೂ ಕೇಳುವುದಿಲ್ಲ. ಈ ಹಾಡುಗಳಿಗೆ ಆಗಿರುವ ದೊಡ್ಡ ಅನ್ಯಾಯ ಅದೇ ಅಂತ ನಾನು ನಂಬಿದ್ದೇನೆ. ಆದರೂ ಬೆಂಕಿಯನ್ನು ಬಿಟ್ಟು ಅವನ ಕಥೆ ಹೇಳಲಾಗದು.

ಅವನು ಹುಟ್ಟಿದ್ದು 1943ರ ಮಾರ್ಚ್ 2ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೊದಲ್ಲಿ. 1954ರ ಮಾರ್ಚ್ 31ರಂದು, ಅಲ್ಲೇ ಹತ್ತಿರದ ಚೀಕ್ಟೊವಾಗದ ಕ್ಲೀವ್‌ಲ್ಯಾಂಡ್ ಹಿಲ್ ಶಾಲೆಯಲ್ಲಿ ಬೆಂಕಿ ಬಿತ್ತು. ಮರದ ಕಟ್ಟಡ. ಒಳಗೆ ನಡೆಯುತ್ತಿದ್ದದ್ದು ಸಂಗೀತದ ಕ್ಲಾಸು. 15 ಮಕ್ಕಳು ಸತ್ತರು. 11 ವರ್ಷದ ಜಾಕ್ಸನ್ ಉಳಿದ, ಮೈಯ ಅರ್ಧದಷ್ಟು ಸುಟ್ಟಿತ್ತು. ತಿಂಗಳುಗಟ್ಟಲೆ ಆಸ್ಪತ್ರೆ. ಅಲ್ಲಿ ಪಾಠ ಹೇಳಲು ಬಂದ ಮೇಷ್ಟ್ರು ಹುಡುಗನ ಬೇಸರ ಕಳೆಯಲೆಂದು ಒಂದು ಗಿಟಾರ್ ತಂದುಕೊಟ್ಟರು. ಅವನಿಗೆ ಸಂಗೀತ ಕೈಹಿಡಿದದ್ದು ಹೀಗೆ. ಮುಂದೆ ತಾಯಿಯ ಜೊತೆ ಮೆಂಫಿಸ್‌ಗೆ ಹೋದಾಗ ಎಲ್ವಿಸ್ ಪ್ರೆಸ್ಲಿಯೇ ಗೇಟಿನಿಂದ ಒಳಗೆ ಕರೆದು ಮನೆಯೆಲ್ಲ ತೋರಿಸಿದನಂತೆ.

21 ತುಂಬಿದಾಗ ಆ ಬೆಂಕಿಯ ಪರಿಹಾರದ ಹಣ ಕೈಗೆ ಬಂತು, ಒಂದು ಲಕ್ಷ ಡಾಲರಿಗಿಂತ ಜಾಸ್ತಿ. ಆ ಕಾಲಕ್ಕೆ ಬಹಳ ದೊಡ್ಡ ಮೊತ್ತ. ಒಳ್ಳೆಯ ಕಾರು ಕೊಳ್ಳುವ ಆಸೆಯಿಂದ ಇಂಗ್ಲೆಂಡಿಗೆ ಹೊರಟ. 'ಕ್ವೀನ್ ಎಲಿಜಬೆತ್' ಹಡಗಿನಲ್ಲಿ, ಅಟ್ಲಾಂಟಿಕ್ ಸಮುದ್ರದ ನಡುವೆ ಕೂತು ಬರೆದದ್ದೇ 'ಬ್ಲೂಸ್ ರನ್ ದ ಗೇಮ್'.

ಇಂಗ್ಲೆಂಡಿಗೆ ಹೋಗುವ ಹಡಗು ಹಾಡಿನೊಳಗೆ ಬಂದದ್ದು ಹೀಗೆ. ಅವನ ಅಂಕಿತ ಅಲ್ಲೇ ಇತ್ತು, ನನಗೆ ಓದಲು ಬರಲಿಲ್ಲ ಅಷ್ಟೇ.

ಆಲ್ಬಮ್ ಬಿಡುಗಡೆಯಾದದ್ದು 1965ರ ಡಿಸೆಂಬರಿನಲ್ಲಿ, ಇಎಂಐ ಕಂಪನಿಯ ಕೊಲಂಬಿಯ ಲೇಬಲ್ಲಿನಲ್ಲಿ. ಅದೇ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ನಡೆಯಿತು. ಸೈಮನ್ ಮತ್ತು ಗಾರ್ಫಂಕಲ್ ಅವರ ಹಳೆಯ 'ಸೌಂಡ್ ಆಫ್ ಸೈಲೆನ್ಸ್' ಹಾಡಿಗೆ ಅವರಿಗೆ ಗೊತ್ತಿಲ್ಲದೆಯೇ ಎಲೆಕ್ಟ್ರಿಕ್ ಗಿಟಾರ್, ಡ್ರಮ್ ಸೇರಿಸಿ ಕಂಪನಿ ಮತ್ತೆ ಬಿಟ್ಟಿತ್ತು. 1966ರ ಜನವರಿ ಹೊತ್ತಿಗೆ ಅದು ಅಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಸೈಮನ್ ವಾಪಸ್ ಹೋದ. ಲಂಡನ್ನಿನಲ್ಲಿ ಫ್ರ್ಯಾಂಕನ ಆಲ್ಬಮ್ ದೊಡ್ಡದಾಗಿ ಮಾರಾಟವಾಗಲಿಲ್ಲ. ಆದರೆ ಹಾಡುಗಾರರು ಅದನ್ನು ಕೇಳಿದರು. ಸೋಹೊದ ಗ್ರೀಕ್ ಸ್ಟ್ರೀಟಿನಲ್ಲಿ ನೆಲಮಾಳಿಗೆಯ ಒಂದು ಕ್ಲಬ್ ಇತ್ತು, ಕಸಿನ್ಸ್ ಅಂತ. ಶನಿವಾರ ರಾತ್ರಿಯಿಡೀ ಹಾಡು, ಬೆಳಗಾದ ಮೇಲೆ ಮನೆಗೆ. ಬರ್ಟ್ ಜಾನ್ಷ್, ಜಾನ್ ರೆನ್‌ಬೋರ್ನ್, ರಾಯ್ ಹಾರ್ಪರ್ ಎಲ್ಲ ಹಾಡುತ್ತಿದ್ದ ಜಾಗ. ಅಲ್ಲಿ ಒಬ್ಬರ ಹಾಡು ಇನ್ನೊಬ್ಬರ ಕೈಗೆ ಹೋಗುವುದು ಸಹಜ. ಒಬ್ಬರ ಬೆರಳು ನೋಡಿ ಇನ್ನೊಬ್ಬರು ಕಲಿಯುತ್ತಿದ್ದರು. ಫ್ರ್ಯಾಂಕನ ಹಾಡುಗಳು ಹೊರಗೆ ನಡೆದದ್ದು ಆ ಮೆಟ್ಟಿಲು ಹತ್ತಿಯೇ.

ಸೈಮನ್ ಮತ್ತು ಗಾರ್ಫಂಕಲ್ 1965ರಲ್ಲೇ 'ಬ್ಲೂಸ್ ರನ್ ದ ಗೇಮ್' ಹಾಡಿ ರೆಕಾರ್ಡ್ ಮಾಡಿಕೊಂಡರು. ಹೊರಗೆ ಬಿಡಲಿಲ್ಲ. ಅದು ಜನರ ಕಿವಿಗೆ ಬಿದ್ದದ್ದು 1997ರಲ್ಲಿ, ಹಳೆಯ ಹಾಡುಗಳ ಸಂಗ್ರಹವೊಂದರಲ್ಲಿ. 32 ವರ್ಷ ಕಪಾಟಿನಲ್ಲಿತ್ತು. ಆಗಲೇ ಬಿಟ್ಟಿದ್ದರೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವರ ಆ ಕಾಲದ ಆಲ್ಬಮ್ಮಿನಲ್ಲಿ ಒಂದು ಹಾಡು ಸೇರಿದ್ದರೆ ಬರೆದವನಿಗೆ ಬರುವ ರಾಯಲ್ಟಿಯೇ ಬದುಕು ನಡೆಸುವಷ್ಟು ಇರುತ್ತಿತ್ತು. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಆಲ್ಬಮ್ಮಿಗೆ ಯಾವ ಹಾಡು, ಯಾವುದು ಬೇಡ ಅನ್ನುವುದು ಹಾಡುಗಾರರಿಗೆ ಬಿಟ್ಟದ್ದು. ಆದರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಿಕ್ ಡ್ರೇಕ್ ತನ್ನ ಮನೆಯ ಟೇಪಿನಲ್ಲಿ ಹಾಡಿಟ್ಟುಕೊಂಡದ್ದು ಫ್ರ್ಯಾಂಕನ ಆಲ್ಬಮ್ಮಿನ ನಾಲ್ಕು ಹಾಡು. ಅವನಿನ್ನೂ ಯಾವ ರೆಕಾರ್ಡನ್ನೂ ಮಾಡಿರದ ದಿನಗಳು. ಕಲಿಯುವ ಹುಡುಗ ಗುರುವಿನ ಪಾಠ ಒಪ್ಪಿಸಿದಂತೆ ಹಾಡಿದ್ದಾನೆ. 1974ರಲ್ಲಿ ಡ್ರೇಕ್ 26ನೇ ವಯಸ್ಸಿಗೇ ತೀರಿಕೊಂಡ. ದಶಕಗಳ ನಂತರ ಅವನಿಗೆ ದೊಡ್ಡ ಹೆಸರು ಬಂತು. 2007ರಲ್ಲಿ ಆ ಟೇಪುಗಳೂ ಆಲ್ಬಮ್ ಆದವು. ನನ್ನ ಪೆನ್‌ಡ್ರೈವಿಗೆ ಬಂದದ್ದು ಅದೇ.

ಸ್ಯಾಂಡಿ ಡೆನ್ನಿಯ ವಿಷಯ ಬೇರೆ. ಇಂಗ್ಲೆಂಡಿನ ಆ ಕಾಲದ ದನಿಗಳಲ್ಲಿ ಆಕೆಯದ್ದು ನನಗೆ ಎಲ್ಲಕ್ಕಿಂತ ಹತ್ತಿರ. ಆಕೆ ಮತ್ತು ಫ್ರ್ಯಾಂಕ್ ಸ್ವಲ್ಪ ಕಾಲ ಜೊತೆಗಿದ್ದರು. ಆಕೆ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿಯಲ್ಲಿದ್ದಾಗ, ಅದನ್ನು ಬಿಟ್ಟು ಹಾಡುವುದನ್ನೇ ಕೆಲಸ ಮಾಡಿಕೋ ಅಂತ ಒತ್ತಾಯ ಮಾಡಿದವನು ಇವನೇ. ತಾನು ತಟ್ಟಿಯ ಹಿಂದೆ ಕೂತ ಹುಡುಗ ಇನ್ನೊಬ್ಬಳನ್ನು ಬೆಳಕಿಗೆ ನೂಕಿದ. 1967ರಲ್ಲಿ ಆಕೆ ಮಾಡಿದ ಮೊದಲ ರೆಕಾರ್ಡುಗಳಲ್ಲಿ ಇವನ 'ಮಿಲ್ಕ್ ಆ್ಯಂಡ್ ಹನಿ', 'ಯು ನೆವರ್ ವಾಂಟೆಡ್ ಮಿ' ಇವೆ. ಕೇಳಿದರೆ ಆಕೆಯದೇ ಹಾಡು ಅನ್ನಬೇಕು, ಹಾಗೆ ಹಾಡಿದ್ದಾಳೆ.

1971ರಲ್ಲಿ ಆಕೆ 'ನೆಕ್ಸ್ಟ್ ಟೈಮ್ ಅರೌಂಡ್' ಅಂತ ಒಂದು ಹಾಡು ಬರೆದಳು. ಯಾರ ಹೆಸರೂ ಇಲ್ಲ. ಆದರೆ ಅದರೊಳಗೆ ತನಗಾಗಿ 'ಡೈಲಾಗ್' ಬರೆದ ಒಬ್ಬ ಬರುತ್ತಾನೆ. 'ಡೈಲಾಗ್' ಅನ್ನುವುದು ಫ್ರ್ಯಾಂಕನ ಆಲ್ಬಮ್ಮಿನ ಒಂದು ಹಾಡಿನ ಹೆಸರು. ಇನ್ನೂ ಅಲ್ಲೇ ಬಫಲೊದಲ್ಲೇ ಇದ್ದೀಯಾ ಅಂತಲೂ ಕೇಳುತ್ತಾಳೆ. ಇದು ಗೊತ್ತಾದ ದಿನ ನನಗೆ ಅಜ್ಜಿ ನೆನಪಾದರು. ಅವನು ತನ್ನ ಹಾಡುಗಳಲ್ಲಿ ಇಡದ ಅಂಕಿತವನ್ನು ಆಕೆ ತನ್ನ ಹಾಡಿನಲ್ಲಿ ಇಟ್ಟಳು. ಗೊತ್ತಿದ್ದವರಿಗೆ ಗೊತ್ತಾಗಲಿ ಅಂತ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಹಣ ನಾಲ್ಕೈದು ವರ್ಷದಲ್ಲಿ ಕರಗಿತು. ಅಮೆರಿಕಕ್ಕೆ ಹೋಗಿದ್ದವನು 1968ರಲ್ಲಿ ಮತ್ತೆ ಇಂಗ್ಲೆಂಡಿಗೆ ಬಂದ. ಅಷ್ಟರಲ್ಲಿ ಜನರ ರುಚಿ ಬದಲಾಗಿತ್ತು, ಅವನೂ ಬದಲಾಗಿದ್ದ. ಎಲ್ಲರಿಗೂ ಇಷ್ಟವಾಗಿದ್ದ ಆ ಮೆದು ಹಾಡುಗಳ ಬದಲು ಮನಸ್ಸಿನ ತಳಮಳವನ್ನು ಜೋರಾಗಿ ಬಾರಿಸುತ್ತಾ ಹಾಡತೊಡಗಿದ, ನಮ್ಮ ಕಣ್ಣೆದುರೇ ಕುಸಿಯತೊಡಗಿದ ಅಂತ ಆಲ್ ಸ್ಟೂವರ್ಟ್ ನೆನೆದಿದ್ದಾನೆ. ಫ್ರ್ಯಾಂಕ್ ಅಮೆರಿಕಕ್ಕೆ ಮರಳಿ ವುಡ್‌ಸ್ಟಾಕ್ ಎಂಬ ಊರು ಸೇರಿದ. ಮದುವೆಯಾಯಿತು, ಮಕ್ಕಳಾದರು. ಮಗ ತೀರಿಕೊಂಡ. ಅಲ್ಲಿಂದ ಖಿನ್ನತೆ ಅವನನ್ನು ಪೂರ್ತಿ ಹಿಡಿಯಿತು, ಆಸ್ಪತ್ರೆಗಳಿಗೆ ಓಡಾಟ ಶುರುವಾಯಿತು. 1975ರಲ್ಲಿ ಎರಡನೇ ಆಲ್ಬಮ್ಮಿಗೆಂದು ಕೆಲವು ಹಾಡು ರೆಕಾರ್ಡ್ ಮಾಡಿದ. ಯಾರೂ ತೆಗೆದುಕೊಳ್ಳಲಿಲ್ಲ. ಅದೇ ವರ್ಷ ಬರ್ಟ್ ಜಾನ್ಷ್ ತನ್ನ ಆಲ್ಬಮ್ಮಿನಲ್ಲಿ 'ಬ್ಲೂಸ್ ರನ್ ದ ಗೇಮ್' ಹಾಡಿದ.

1984ರಲ್ಲಿ ಪಾಲ್ ಸೈಮನ್‌ನನ್ನು ಹುಡುಕಿಕೊಂಡು ನ್ಯೂಯಾರ್ಕ್ ನಗರಕ್ಕೆ ಹೋದ. ಸಿಗಲಿಲ್ಲ. ಫುಟ್‌ಪಾತಿನಲ್ಲಿ ಮಲಗುವ ಹಾಗಾಯಿತು. ಅಲ್ಲಿಂದ ವರ್ಷಗಟ್ಟಲೆ ಬೀದಿ, ಆಸ್ಪತ್ರೆ, ಮತ್ತೆ ಬೀದಿ. ಡಾಕ್ಟರುಗಳು ಸ್ಕಿಜೋಫ್ರೇನಿಯ ಎಂಬ ಮನೋರೋಗ ಅಂದರು. ಅವನು ಒಪ್ಪಲಿಲ್ಲ, ನನ್ನದು ಚಿಕ್ಕಂದಿನ ಬೆಂಕಿಯಿಂದ ಬಂದ ಖಿನ್ನತೆ ಅಂತಲೇ ಹೇಳುತ್ತಿದ್ದ.

1990ರ ದಶಕದ ಆರಂಭದಲ್ಲಿ ಜಿಮ್ ಆ್ಯಬಟ್ ಎಂಬ ಅಭಿಮಾನಿ ಅವನನ್ನು ಹುಡುಕಿಕೊಂಡು ಹೋದ. ಇವನ ಬಗ್ಗೆ ಮುಂದೆ ಪುಸ್ತಕ ಬರೆದವನೂ ಆ್ಯಬಟ್ಟೇ. ಊರಿನ ಕಾಲೇಜಿನ ಮೇಷ್ಟ್ರೊಬ್ಬರ ಜೊತೆ ಹಳೆಯ ಹಾಡುಗಳ ಬಗ್ಗೆ ಮಾತಾಡುವಾಗ ಸುಮ್ನೆ ಫ್ರ್ಯಾಂಕನ ಹೆಸರೆತ್ತಿದನಂತೆ. ಆ ಮೇಷ್ಟ್ರಿಗೆ ಫ್ರ್ಯಾಂಕನಿಂದ ಈಚೆಗಷ್ಟೇ ಒಂದು ಕಾಗದ ಬಂದಿತ್ತು! ಆ್ಯಬಟ್ ನ್ಯೂಯಾರ್ಕಿಗೆ ಹೋದ. ರೆಕಾರ್ಡಿನ ಮೇಲಿನ ತೆಳ್ಳನೆಯ ಹುಡುಗನನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವನ ಎದುರು ದಪ್ಪ ಮೈಯ ಒಬ್ಬ ಮನುಷ್ಯ ಕುಂಟುತ್ತಾ ಬಂದ. ಅವನ ಆಸ್ತಿ ಅಂದರೆ ಒಂದು ಹಳೆಯ ಸೂಟ್‌ಕೇಸು, ಒಂದು ಮುರಿದ ಕನ್ನಡಕ. ಮತ್ತೆ ಒಂದು ಗಿಟಾರ್. ಅವನ ಕಷ್ಟಸುಖ ನೋಡಿಕೊಳ್ಳುವ ಕಚೇರಿಯವರು ಕೊಡಿಸಿದ್ದ ಹತ್ತು ಡಾಲರಿನ ಗಿಟಾರ್. ಶ್ರುತಿ ಮಾಡಿದರೆ ನಿಲ್ಲುತ್ತಿರಲಿಲ್ಲ. ಸುಡು ಬೇಸಿಗೆ. ಫ್ರ್ಯಾಂಕ್ ಅದನ್ನೇ ಹಿಡಿದು 'ಬ್ಲೂಸ್ ರನ್ ದ ಗೇಮ್' ಹಾಡಲು ಹೊರಟ. ದನಿ ಹೋಗಿತ್ತು.

ಅಗ್ಗದ ಗಿಟಾರ್ ಇಟ್ಟುಕೊಂಡವರಿಗೆ ಆ ಕಷ್ಟ ಗೊತ್ತು. ಒಂದು ತಂತಿ ಎಳೆದು ಸರಿ ಮಾಡಿದರೆ ಪಕ್ಕದ್ದು ಇಳಿಯುತ್ತದೆ. ಸೆಕೆಗೆ ಇನ್ನೂ ಜಾಸ್ತಿ. ಅಂಥ ಗಿಟಾರಿನಲ್ಲಿ ಹೆಬ್ಬೆರಳು ಎಷ್ಟೇ ಸರಿಯಾಗಿ ನಡೆದರೂ ಹಾಡು ನಿಲ್ಲುವುದಿಲ್ಲ. ಹಡಗಿನಲ್ಲಿ ಬರೆದ, ಊರೂರು ಸುತ್ತಿದ ಹಾಡು, ಇಷ್ಟೆಲ್ಲ ಆದ ಮೇಲೆ ಒಬ್ಬನೇ ಒಬ್ಬ ಕೇಳುಗನ ಮುಂದೆ, ಶ್ರುತಿ ನಿಲ್ಲದ ತಂತಿಯ ಮೇಲೆ. ಈ ಸಲ ತಟ್ಟಿ ಇರಲಿಲ್ಲ. ಎದುರಾಎದುರು ಕೂತು ಹಾಡಿದ.

ಆ್ಯಬಟ್ ಅವನಿಗೆ ವುಡ್‌ಸ್ಟಾಕ್ ಊರಿನಲ್ಲಿ ಇರಲು ವ್ಯವಸ್ಥೆ ಮಾಡತೊಡಗಿದ. ಅಲ್ಲಿಗೆ ಹೊರಡುವ ಸ್ವಲ್ಪ ಮುಂಚೆ, ಬೆಂಚಿನ ಮೇಲೆ ಕೂತಿದ್ದಾಗ ಪುಂಡ ಹುಡುಗರು ಹಾರಿಸಿದ ಪೆಲೆಟ್ ಬಂದೂಕಿನ ಗುಂಡು ತಗುಲಿ ಎಡಗಣ್ಣು ಹೋಯಿತು. ಇದನ್ನು ಬರೆಯುವಾಗ ನನಗೆ ಮಾತು ಮುಂದಕ್ಕೆ ಹೋಗುವುದಿಲ್ಲ.

ಆದರೆ ವುಡ್‌ಸ್ಟಾಕ್‌ಗೆ ಹೋದ. ಮತ್ತೆ ಹಾಡು ಕಟ್ಟಿದ, ರೆಕಾರ್ಡೂ ಮಾಡಿದ. ಆ ಟೇಪುಗಳು ಈಗ ಕೇಳಲು ಸಿಗುತ್ತವೆ. ದನಿ ಒರಟು, ಉಸಿರು ಭಾರ. ಮೊದಲ ಸಲ ಕೇಳಿದಾಗ ನಿಲ್ಲಿಸಿಬಿಟ್ಟಿದ್ದೆ. ಆಮೇಲೆ ಒಂದು ದಿನ 'ಟಂಬಲ್ ಇನ್ ದ ವಿಂಡ್' ಪೂರ್ತಿ ಕೇಳಿದೆ. 1965ರ ಹಾಡುಗಳಲ್ಲಿ ಬೇಸರವನ್ನು ದೂರದಿಂದ ನೋಡುವ ಒಬ್ಬ ಹುಡುಗನಿದ್ದ. ಇಲ್ಲಿ ಆ ದೂರವೇ ಇಲ್ಲ. ಇವು ಕೇಳಲು ಕಷ್ಟದ ಹಾಡುಗಳು, ಆದರೆ ಕೆಟ್ಟ ಹಾಡುಗಳಲ್ಲ.

ಅವನು ತೀರಿಕೊಂಡದ್ದು 1999ರ ಮಾರ್ಚ್ 3ರಂದು, ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್ಟನ್ನಿನಲ್ಲಿ. 56 ತುಂಬಿದ ಮರುದಿನ.

ಈಗ ಅವನ ಹೆಸರು ಅಲ್ಲಲ್ಲಿ ಕೇಳುತ್ತದೆ. 2010ರಲ್ಲಿ ಇಂಗ್ಲೆಂಡಿನ ಹಾಡುಗಾರ್ತಿ ಲಾರಾ ಮಾರ್ಲಿಂಗ್ 'ಬ್ಲೂಸ್ ರನ್ ದ ಗೇಮ್' ಹಾಡಿ ಸಿಂಗಲ್ ಮಾಡಿದಳು. 2015ರಲ್ಲಿ ಅವನ ಎಲ್ಲ ರೆಕಾರ್ಡಿಂಗುಗಳನ್ನೂ ಒಟ್ಟಿಗೆ ತಂದರು. 2019ರ 'ಜೋಕರ್' ಸಿನಿಮಾದಲ್ಲಿ ಅವನ 'ಮೈ ನೇಮ್ ಈಸ್ ಕಾರ್ನಿವಲ್' ಇದೆ. ನಾನು ಥಿಯೇಟರಿನಲ್ಲಿ ಅದನ್ನು ಗುರುತಿಸಿ ಪಕ್ಕದವನ ತೋಳು ಹಿಡಿದುಕೊಂಡಿದ್ದೆ. ಇಡೀ ಆಲ್ಬಮ್ಮಿನಲ್ಲಿ 'ನನ್ನ ಹೆಸರು' ಅಂತ ಶುರುವಾಗುವುದು ಅದೊಂದೇ. ಅಲ್ಲೂ ಅವನು ಹೇಳುವುದು ತನ್ನ ಹೆಸರಲ್ಲ, ಜಾತ್ರೆಯ ಹೆಸರು.

1975ರಲ್ಲಿ ಯಾರಿಗೂ ಬೇಡವಾದ ಹಾಡುಗಳಲ್ಲಿ ಐದನ್ನು 1996ರಲ್ಲಿ ಹಳೆಯ ಆಲ್ಬಮ್ಮಿನ ಜೊತೆ ಸೇರಿಸಿ ಸಿಡಿ ಮಾಡಿದರು. ಅವನು ಬದುಕಿದ್ದಾಗಲೇ ಬಂತು ಅನ್ನುವುದು ನನಗೊಂದು ಸಮಾಧಾನ. ಅದರಲ್ಲಿ 'ಮಾರ್ಲೀನ್' ಅಂತ ಒಂದು ಹಾಡಿದೆ. ಶಾಲೆಯ ಬೆಂಕಿಯಲ್ಲಿ ಸತ್ತ, ಅವನಿಗೆ ತುಂಬ ಇಷ್ಟವಾಗಿದ್ದ ಹುಡುಗಿಯ ಹೆಸರು. 21 ವರ್ಷ ಯಾವ ಹಾಡಿನಲ್ಲೂ ಆಡದ ಮಾತನ್ನು ಅಲ್ಲಿ ಆಡಿದ್ದಾನೆ. ಬಾರಿನಲ್ಲಿ ಜೊತೆಗೆ ಕೂರುವ ಗೆಳೆಯರಿಗೆ ನನ್ನ ಮೈಮೇಲಿನ ಕಲೆ ಮಾತ್ರ ಕಾಣುತ್ತದೆ ಅಂತ ಅವಳಿಗೆ ಹೇಳುತ್ತಾನೆ. ಪಕ್ಕದಲ್ಲೇ ಕೂತವಳಿಗೆ ಹೇಳುವಷ್ಟು ಮೆಲ್ಲಗೆ. ಗಿಟಾರ್ ಅದೇ ಹಳೆಯ ನಡಿಗೆ ನಡೆಯುತ್ತಿರುತ್ತದೆ. ಮತ್ತೆ ಮತ್ತೆ ಅವಳ ಹೆಸರು ಬರುತ್ತದೆ. ನಾನು ಆ ಹಾಡನ್ನು ಇನ್ನೂ ನುಡಿಸಲು ಕಲಿತಿಲ್ಲ. ಕೇಳುತ್ತೇನೆ ಅಷ್ಟೇ, ಕೊನೆಯವರೆಗೂ, ಎದ್ದು ಹೋಗದೆ.